ಹಳೆಯ ಟ್ಯಾಬ್ ಕಾರಿನ ನ್ಯಾವಿಗೇಷನ್ ಪರದೆಯಾಗಬಲ್ಲದೇ? ಫಾರ್ವರ್ಡ್ ಹೇಳುವುದೇನು, ಹೇಳದೆ ಬಿಡುವುದೇನು

"ಮನೆಯ ಮೂಲೆಯಲ್ಲಿ ಬಿದ್ದಿರುವ ಹಳೆಯ ಟ್ಯಾಬ್ ಎಸೆಯಬೇಡಿ. ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಕೂರಿಸಿ, ಸಾವಿರಾರು ರೂಪಾಯಿಯ ನ್ಯಾವಿಗೇಷನ್ ಪರದೆ ಪುಕ್ಕಟೆ!" ಇಂಥ ಒಕ್ಕಣೆಯ ಸಂದೇಶ, ಜೊತೆಗೊಂದು ಚಿಕ್ಕ ವಿಡಿಯೊ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ವಿಡಿಯೊದಲ್ಲಿ ಹಳೆಯ ಸ್ಟೀರಿಯೊ ಹೊರಗೆ ಬರುತ್ತದೆ, ಆ ಜಾಗದಲ್ಲಿ ಟ್ಯಾಬ್ ಹೋಗಿ ಕೂರುತ್ತದೆ. ಸುತ್ತಲೂ ಅಂಟು ತುಂಬಿ ಬಣ್ಣ ಬಳಿದ ಮೇಲೆ ಕಂಪನಿಯವರೇ ಕೊಟ್ಟ ಪರದೆಯಂತೆ ಕಾಣುತ್ತದೆ.

ನೋಡಲು ಚೆಂದ. ಟ್ಯಾಬ್‌ನಲ್ಲಿ ನಕ್ಷೆ ಹಾಕಿಕೊಂಡು ದಾರಿ ಹುಡುಕಬಹುದು ಎನ್ನುವುದೂ ನಿಜ. ಆದರೆ ಆ ವಿಡಿಯೊ ತೋರಿಸುವುದು ಟ್ಯಾಬ್ ಕೂರಿಸಿದ ದಿನವನ್ನು ಮಾತ್ರ. ಏಪ್ರಿಲ್ ಬಿಸಿಲಿನಲ್ಲಿ ಮೂರು ತಾಸು ನಿಂತ ಕಾರು, ದಿಢೀರ್ ಎಂದು ಒತ್ತಿದ ಬ್ರೇಕ್, ಏರ್‌ಬ್ಯಾಗ್ ತೆರೆದುಕೊಳ್ಳುವ ಗಳಿಗೆ ಇವು ಯಾವುವೂ ಅದರಲ್ಲಿ ಇರುವುದಿಲ್ಲ. ಹಾಗಾಗಿ ಇಂಥ ಸಂದೇಶಗಳಲ್ಲಿ ಬರುವ ಮಾತುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಟ್ಯಾಬನ್ನು ಕಾರಿನಲ್ಲಿ ಬಳಸುವುದು ತಪ್ಪಲ್ಲ. ಅದನ್ನು ತೆಗೆಯಲು ಬಾರದಂತೆ ಡ್ಯಾಶ್‌ಬೋರ್ಡ್‌ನೊಳಗೆ ಹೂತುಬಿಡುವುದು ತಪ್ಪು.

ಮಾತು 1: "ಸಿಮ್ ಇಲ್ಲದ ಟ್ಯಾಬ್ ಆದರೂ ಸಾಕು, ಜಿಪಿಎಸ್ ಎಲ್ಲದರಲ್ಲೂ ಇರುತ್ತದೆ"

ಇದು ಅರ್ಧ ಸತ್ಯ. ಜಿಪಿಎಸ್‌ಗೆ ಸಿಮ್ ಬೇಡ, ಇಂಟರ್ನೆಟ್ಟೂ ಬೇಡ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸದಾ ಸಮಯದ ಸಂಕೇತ ಕಳಿಸುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ನಿಮ್ಮ ಸಾಧನ ತಾನಿರುವ ಜಾಗವನ್ನು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ರೇಡಿಯೊ ಕೇಳುವ ಹಾಗೆ ಇದು ಬರೀ ಕೇಳುವ ಕೆಲಸ. ನೀವು ಎಲ್ಲಿದ್ದೀರಿ ಎಂಬುದು ಆ ಉಪಗ್ರಹಗಳಿಗೆ ಗೊತ್ತೇ ಆಗುವುದಿಲ್ಲ.

ಆದರೆ ಈ ಸಂಕೇತ ಹಿಡಿಯುವ ಚಿಪ್ ಎಲ್ಲ ಟ್ಯಾಬ್‌ಗಳಲ್ಲೂ ಇರುವುದಿಲ್ಲ. ಉದಾಹರಣೆಗೆ, ವೈಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಇಲ್ಲ, ಸಿಮ್ ಸೌಲಭ್ಯ ಇರುವ ಐಪ್ಯಾಡ್‌ಗಳಲ್ಲಿ ಇದೆ. ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಕೆಲವಕ್ಕೆ ಇದೆ, ಕೆಲವಕ್ಕೆ ಇಲ್ಲ. ಜಿಪಿಎಸ್ ಇಲ್ಲದ ಟ್ಯಾಬ್ ಸುತ್ತಲಿನ ವೈಫೈ ಜಾಲಗಳನ್ನು ನೋಡಿ ಜಾಗ ಊಹಿಸುತ್ತದೆ. ಮನೆಯಲ್ಲಿ ಕೂತಾಗ ಅದು ಸರಿಯಾಗಿಯೇ ತೋರಿಸುತ್ತದೆ. ಹೆದ್ದಾರಿಗೆ ಬಂದೊಡನೆ ನೀಲಿ ಚುಕ್ಕೆ ಎಲ್ಲೆಲ್ಲಿಗೋ ಜಿಗಿಯುತ್ತದೆ ಅಥವಾ ನಿಂತಲ್ಲೇ ನಿಲ್ಲುತ್ತದೆ.

ಪರೀಕ್ಷೆ ಸುಲಭ. ಮೊದಲು ನಿಮ್ಮ ಊರಿನ ನಕ್ಷೆಯನ್ನು ಆಫ್‌ಲೈನ್ ಆಗಿ ಇಳಿಸಿಕೊಳ್ಳಿ. ವೈಫೈ, ಮೊಬೈಲ್ ಡೇಟಾ ಎರಡನ್ನೂ ಆರಿಸಿ, ಬಯಲಿಗೆ ಬಂದು ಕೆಲವು ನಿಮಿಷ ಕಾಯಿರಿ. ನಡೆದಾಡಿದಂತೆ ಚುಕ್ಕೆಯೂ ನಡೆದರೆ ಜಿಪಿಎಸ್ ಇದೆ ಎಂದರ್ಥ.

ಇನ್ನೊಂದು ಸಂಗತಿ. ಜಿಪಿಎಸ್‌ಗೆ ಇಂಟರ್ನೆಟ್ ಬೇಡವಾದರೂ ನಕ್ಷೆಯ ಚಿತ್ರಕ್ಕೆ ಬೇಕು. ಶಿರಾಡಿ, ಚಾರ್ಮಾಡಿಯಂಥ ಘಾಟಿಗಳಲ್ಲಿ ನೆಟ್‌ವರ್ಕ್ ಬಿಟ್ಟು ಬಿಟ್ಟು ಬರುತ್ತದೆ. ಹೊರಡುವ ಮುಂಚೆಯೇ ನಕ್ಷೆ ಇಳಿಸಿಕೊಂಡಿದ್ದರೆ ದಾರಿ ತಪ್ಪುವುದಿಲ್ಲ. ಆದರೆ ಮುಂದೆ ಟ್ರಾಫಿಕ್ ಜಾಮ್ ಇದೆಯೇ ಎಂಬುದನ್ನು ಆಫ್‌ಲೈನ್ ನಕ್ಷೆ ಹೇಳಲಾರದು.

ಮಾತು 2: "ಡ್ಯಾಶ್‌ಬೋರ್ಡ್‌ನೊಳಗೆ ಶಾಶ್ವತವಾಗಿ ಕೂರಿಸಿಬಿಡಿ"

ಇಡೀ ಸಂದೇಶದಲ್ಲಿ ನಮಗೆ ಹೆಚ್ಚು ಆತಂಕ ತಂದದ್ದು ಇದೇ. ಕಾರಣ ಬಿಸಿಲು.

ಅಮೆರಿಕದ ಅರಿಜೋನಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 38 ಡಿಗ್ರಿಗೂ ಮೀರಿದ ಬೇಸಿಗೆಯ ದಿನಗಳಲ್ಲಿ ನಿಲ್ಲಿಸಿದ ಕಾರುಗಳ ಒಳಗಿನ ತಾಪವನ್ನು ಅಳೆದರು. ಬಿಸಿಲಿನಲ್ಲಿ ಒಂದು ತಾಸು ನಿಂತ ಕಾರುಗಳ ಒಳಗಿನ ಗಾಳಿ ಸರಾಸರಿ 47 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಡ್ಯಾಶ್‌ಬೋರ್ಡ್ ಮೇಲ್ಮೈ ಸುಮಾರು 69 ಡಿಗ್ರಿ! ನೆರಳಿನಲ್ಲಿ ನಿಲ್ಲಿಸಿದ ಕಾರುಗಳಲ್ಲೂ ಡ್ಯಾಶ್‌ಬೋರ್ಡ್ ಸುಮಾರು 48 ಡಿಗ್ರಿಗೆ ಏರಿತ್ತು. ಕಲಬುರಗಿ, ರಾಯಚೂರಿನ ಬೇಸಿಗೆಯೂ 40 ಡಿಗ್ರಿ ದಾಟುತ್ತದೆ ಎನ್ನುವುದನ್ನು ನಾವು ಮರೆಯಬಾರದು.

ಈಗ ಟ್ಯಾಬ್ ಕಡೆ ನೋಡಿ. ಐಪ್ಯಾಡ್ ಬಗ್ಗೆ ಆಪಲ್ ಕೊಟ್ಟಿರುವ ಸೂಚನೆ ಹೀಗಿದೆ: ಬಳಸುವಾಗ ಸುತ್ತಲಿನ ತಾಪ 0ಯಿಂದ 35 ಡಿಗ್ರಿಯೊಳಗೆ ಇರಬೇಕು, ಬಳಸದೆ ಇಟ್ಟಾಗಲೂ 45 ಡಿಗ್ರಿ ಮೀರಬಾರದು, ನಿಲ್ಲಿಸಿದ ಕಾರಿನಲ್ಲಿ ಬಿಟ್ಟುಹೋಗಬಾರದು. ಅಂದರೆ ನಮ್ಮ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರು ಆ ಮಿತಿಯನ್ನು ಸಲೀಸಾಗಿ ದಾಟಿಬಿಡುತ್ತದೆ.

ಟ್ಯಾಬ್ ಒಳಗಿರುವುದು ಲಿಥಿಯಂ ಬ್ಯಾಟರಿ. ಬಿಸಿ ಹೆಚ್ಚಿದಷ್ಟೂ ಅದರೊಳಗಿನ ಬೇಡದ ರಾಸಾಯನಿಕ ಕ್ರಿಯೆಗಳು ಚುರುಕಾಗುತ್ತವೆ, ಅನಿಲ ಹುಟ್ಟುತ್ತದೆ, ಬ್ಯಾಟರಿ ಉಬ್ಬುತ್ತದೆ. ಪೂರ್ತಿ ಚಾರ್ಜ್ ಆಗಿರುವ, ಜೊತೆಗೆ ಹಳತೂ ಆಗಿರುವ ಬ್ಯಾಟರಿಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಡ್ಯಾಶ್‌ಬೋರ್ಡ್‌ನಲ್ಲಿ ಸದಾ ಚಾರ್ಜಿಗೆ ಹಾಕಿಟ್ಟ ಹಳೆಯ ಟ್ಯಾಬ್‌ನದ್ದು ಇದೇ ಸ್ಥಿತಿ ತಾನೇ? ಟ್ಯಾಬ್ ಕೈಯಲ್ಲಿದ್ದರೆ ಬೆನ್ನು ಉಬ್ಬಿದ್ದು ಕಾಣುತ್ತದೆ. ಅಂಟು ಹಾಕಿ ಹೂತಿಟ್ಟರೆ ಕಾಣುವುದಿಲ್ಲ. ಉಬ್ಬಿದ ಬ್ಯಾಟರಿ ಒತ್ತಡಕ್ಕೆ ಸಿಕ್ಕು ಒಳಗಿನ ಪದರ ಹರಿದರೆ ಬೆಂಕಿ ಹೊತ್ತಿಕೊಳ್ಳಬಹುದು.

"ಕಂಪನಿಯ ಪರದೆಗಳೂ ಅಲ್ಲೇ ಇರುತ್ತವಲ್ಲ?" ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಅವುಗಳಲ್ಲಿ ಸಾಮಾನ್ಯವಾಗಿ ಲಿಥಿಯಂ ಬ್ಯಾಟರಿಯೇ ಇರುವುದಿಲ್ಲ, ಕಾರಿನ ಬ್ಯಾಟರಿಯಿಂದಲೇ ನೇರವಾಗಿ ಓಡುತ್ತವೆ. ವಾಹನಗಳಿಗೆಂದೇ ತಯಾರಾಗುವ ಚಿಪ್‌ಗಳನ್ನು ಸೊನ್ನೆಗಿಂತ 40 ಡಿಗ್ರಿ ಕೆಳಗಿನಿಂದ 85 ಡಿಗ್ರಿವರೆಗೆ, ಕೆಲವನ್ನು ಅದಕ್ಕೂ ಹೆಚ್ಚಿನ ತಾಪಕ್ಕೆ ಒಡ್ಡಿ ಪರೀಕ್ಷಿಸಿರುತ್ತಾರೆ. ನೋಡಲು ಎರಡೂ ಒಂದೇ ಥರದ ಗಾಜಿನ ಹಲಗೆ, ಒಳಗಿನ ಜೀವ ಬೇರೆ.

ಹೂತಿಡುವುದರಿಂದ ಇನ್ನೂ ಒಂದು ತೊಂದರೆ. ಉಪಗ್ರಹದ ಸಂಕೇತ ಬಹಳ ದುರ್ಬಲ. ಡ್ಯಾಶ್‌ಬೋರ್ಡ್ ಒಳಗಿನ ಲೋಹದ ಚೌಕಟ್ಟಿನ ನಡುವೆ ಕೂತ ಟ್ಯಾಬ್‌ಗೆ ಆಕಾಶ ಕಾಣುವುದು ಕಡಿಮೆ.

ಮಾತು 3: "ಎಲ್ಲಿ ಬೇಕಾದರೂ ಅಂಟಿಸಿ, ದೊಡ್ಡ ಪರದೆ ಇದ್ದಷ್ಟೂ ಒಳ್ಳೆಯದು"

ಇದು ಅಪಾಯದ ಮಾತು. ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಚಾಲಕರ ಏರ್‌ಬ್ಯಾಗ್ 2019ರ ಜುಲೈಯಿಂದ ಕಡ್ಡಾಯ. ಪಕ್ಕದ ಸೀಟಿನ ಏರ್‌ಬ್ಯಾಗ್ 2021ರ ಕೊನೆಯ ಹೊತ್ತಿಗೆ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಈ ಎರಡನೆಯ ಏರ್‌ಬ್ಯಾಗ್ ಅಡಗಿರುವುದು ಡ್ಯಾಶ್‌ಬೋರ್ಡ್‌ನ ಎಡಭಾಗದಲ್ಲೇ. ಅಪಘಾತವಾದಾಗ ಅದು ಒಂದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಹೊತ್ತಿನಲ್ಲಿ ಉಬ್ಬಿ ನಿಲ್ಲುತ್ತದೆ. ಅದರ ದಾರಿಯಲ್ಲಿ ಟ್ಯಾಬ್ ಇದ್ದರೆ, ಪಕ್ಕದಲ್ಲಿ ಕೂತವರ ಮುಖಕ್ಕೆ ಮೊದಲು ಬಡಿಯುವುದು ಆ ಟ್ಯಾಬ್. ಆ ಸೀಟಿನಲ್ಲಿ ಸಾಮಾನ್ಯವಾಗಿ ಕೂರುವವರು ಯಾರು? ನಮ್ಮ ಹೆಂಡತಿ, ಗಂಡ, ಅಮ್ಮ, ಅಪ್ಪ.

ಏರ್‌ಬ್ಯಾಗ್ ಮಾತು ಬಿಟ್ಟರೂ ತೂಕದ ಲೆಕ್ಕ ಇದೆ. ಹತ್ತು ಇಂಚಿನ ಟ್ಯಾಬ್ ಸುಮಾರು ಅರ್ಧ ಕಿಲೋ ತೂಗುತ್ತದೆ. ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿಯಾಗಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಎನ್ನಿ. ಆ ಗಳಿಗೆಯಲ್ಲಿ ಟ್ಯಾಬ್ ತನ್ನ ತೂಕದ ಸುಮಾರು 14 ಪಟ್ಟು ಬಲದಿಂದ, ಅಂದರೆ 7 ಕಿಲೋ ತೂಕದಷ್ಟು ಜಗ್ಗುತ್ತದೆ. ಡಬಲ್ ಟೇಪ್, ಎ.ಸಿ. ಕಿಂಡಿಗೆ ಸಿಕ್ಕಿಸುವ ಕ್ಲಿಪ್ಪು ಇವು ಅದನ್ನು ತಡೆಯುತ್ತವೆಂದು ನಂಬಲಾಗದು. ಬಿಸಿಲಿಗೆ ಮೆತ್ತಗಾದ ಅಂಟಂತೂ ತಡೆಯದು.

ಗಾತ್ರದ ವಿಷಯಕ್ಕೆ ಬಂದರೆ, ಅಂಗಡಿಯವರು 'ಡಬಲ್ ಡಿನ್' ಎಂದು ಕರೆಯುವ ಸ್ಟೀರಿಯೊ ಖಾನೆಯ ಅಳತೆ 18 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರ. ಏಳು ಇಂಚಿನ ಟ್ಯಾಬ್ ಕೂಡ ಸಾಮಾನ್ಯವಾಗಿ ಇದಕ್ಕಿಂತ ತುಸು ದೊಡ್ಡದು. ಅದಕ್ಕೇ ವಿಡಿಯೊಗಳಲ್ಲಿ ಪ್ಲಾಸ್ಟಿಕ್ ಕೊಯ್ಯುತ್ತಾರೆ. ಡ್ಯಾಶ್‌ಬೋರ್ಡ್ ಮೇಲೆ ಎತ್ತರಕ್ಕೆ ಕೂರಿಸಿದರೆ ಮುಂಗಾಜಿನ ಒಂದು ಭಾಗ ಮುಚ್ಚುತ್ತದೆ. ಎಡಗಡೆಯಿಂದ ರಸ್ತೆ ದಾಟಲು ಬರುವ ಮಗು ಅಥವಾ ನುಗ್ಗುವ ಬೈಕು ಆ ಮರೆಯಲ್ಲೇ ಇರಬಹುದು.

ಮಾತು 4: "ಹಿಂದಿನ ವೈರಿಗೆ ಜೋಡಿಸಿದರೆ ಚಾರ್ಜರ್ ಕೂಡ ಬೇಡ"

ಖಂಡಿತ ಹೀಗೆ ಮಾಡಬೇಡಿ. ಕಾರಿನ ವಿದ್ಯುತ್ತು 12 ವೋಲ್ಟ್, ಎಂಜಿನ್ ಓಡುವಾಗ 14ರ ಆಸುಪಾಸಿಗೆ ಏರುತ್ತದೆ. ಸಾಮಾನ್ಯ ಟ್ಯಾಬ್ ಚಾರ್ಜ್ ಆಗುವುದು 5 ವೋಲ್ಟ್‌ನಲ್ಲಿ. ನಡುವೆ ವೋಲ್ಟೇಜ್ ಇಳಿಸುವ ಒಳ್ಳೆಯ ಕಾರ್ ಚಾರ್ಜರ್ ಇರಲೇಬೇಕು. ಇಲ್ಲದಿದ್ದರೆ ಟ್ಯಾಬ್ ಸುಡುತ್ತದೆ.

ಇನ್ನು, ಕೀಲಿ ತೆಗೆದರೂ ಸದಾ ಕರೆಂಟು ಇರುವ ವೈರಿಗೆ ಜೋಡಿಸಿದರೆ ಏನಾಗುತ್ತದೆ? ಪರದೆ ಉರಿಯುತ್ತಲೇ ಇರುವ ಟ್ಯಾಬ್ ಸುಮಾರು ಒಂದು ಆಂಪಿಯರ್ ಎಳೆಯಬಹುದು. ಚಿಕ್ಕ ಪೆಟ್ರೋಲ್ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್ ಎಂದಿಟ್ಟುಕೊಳ್ಳಿ. ಒಂದು ದಿನಕ್ಕೆ ಅದರ ಮೂರರಲ್ಲಿ ಎರಡು ಪಾಲು ಖಾಲಿ. ಮರುದಿನ ಬೆಳಿಗ್ಗೆ ಕಾರು ತಳ್ಳಲು ಅಕ್ಕಪಕ್ಕದವರನ್ನು ಕರೆಯಬೇಕಾದೀತು. ಫ್ಯೂಸ್ ಇಲ್ಲದೆ ವೈರು ಸಿಪ್ಪೆ ಸುಲಿದು ಟೇಪು ಸುತ್ತಿದ ಜೋಡಣೆ ಇನ್ನೂ ಕೆಟ್ಟದ್ದು. ಅಲ್ಲಿ ಶಾರ್ಟ್ ಆದರೆ ಬೆಂಕಿಗೆ ದಾರಿ. ವಾರಂಟಿ ಇರುವ ಕಾರಿನ ವೈರು ಕತ್ತರಿಸಿದರೆ ಆ ಭಾಗದ ವಾರಂಟಿಯೂ ಕೈಬಿಡಬಹುದು.

ಮಾತು 5: "ಕೈಯಲ್ಲಿ ಹಿಡಿದಿಲ್ಲವಲ್ಲ, ಕಾನೂನಿನ ತಕರಾರಿಲ್ಲ"

ಪೂರ್ತಿ ನಿಜವಲ್ಲ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯ ಪ್ರಕಾರ, ವಾಹನ ಓಡಿಸುವಾಗ ಇಂಥ ಸಾಧನವನ್ನು ದಾರಿ ನೋಡಲು ಮಾತ್ರ ಬಳಸಬಹುದು, ಅದೂ ಚಾಲಕರ ಗಮನ ಕೆಡದಂತೆ. ದಾರಿ ನೋಡಲು ತಂದ ಟ್ಯಾಬ್‌ನಲ್ಲಿ ಸಿನಿಮಾ, ಕ್ರಿಕೆಟ್ ಓಡಿದರೆ ಅದು ಈ ವಿನಾಯಿತಿಯೊಳಗೆ ಬರುವುದಿಲ್ಲ.

ಕಾನೂನಿಗಿಂತ ಕಣ್ಣಿನ ಲೆಕ್ಕ ದೊಡ್ಡದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಎರಡು ಸೆಕೆಂಡು ಪರದೆ ನೋಡಿದರೆ 33 ಮೀಟರ್ ಕಣ್ಣು ಮುಚ್ಚಿ ಓಡಿಸಿದಂತೆ. ಚಾಲನೆಯಲ್ಲಿದ್ದ ನೂರು ಕಾರುಗಳಲ್ಲಿ ಕ್ಯಾಮೆರಾ ಇಟ್ಟು ಅಮೆರಿಕದ ವರ್ಜೀನಿಯಾ ಟೆಕ್ ಸಂಶೋಧಕರು ನಡೆಸಿದ ಅಧ್ಯಯನದಲ್ಲಿ, ರಸ್ತೆಯಿಂದ ಎರಡು ಸೆಕೆಂಡಿಗಿಂತ ಹೆಚ್ಚು ಹೊತ್ತು ಕಣ್ಣು ಸರಿದಾಗ ಅಪಘಾತದ ಅಥವಾ ಸ್ವಲ್ಪದರಲ್ಲಿ ತಪ್ಪಿದ ಅಪಘಾತದ ಸಾಧ್ಯತೆ ಕನಿಷ್ಠ ಎರಡು ಪಟ್ಟಾಗುವುದು ಕಂಡುಬಂತು.

ಟಚ್ ಪರದೆಯಲ್ಲಿ ಗುಂಡಿಯನ್ನು ಕೈ ತಡವಿ ಹುಡುಕಲಾಗದು, ನೋಡಿಯೇ ಒತ್ತಬೇಕು. ಕಾರು ಕಂಪನಿಗಳ ದೊಡ್ಡ ಪರದೆಗಳಿಗೂ ಈ ದೂರು ಇದೆ. ಯುರೋಪಿನ ಕಾರು ಸುರಕ್ಷತಾ ಪರೀಕ್ಷಾ ಸಂಸ್ಥೆ ಯುರೋ ಎನ್‌ಕ್ಯಾಪ್, ಹಾರ್ನ್, ವೈಪರ್, ಇಂಡಿಕೇಟರ್‌ಗಳಂಥವಕ್ಕೆ ಕೈಗೆ ಸಿಗುವ ಗುಂಡಿ ಅಥವಾ ಕಡ್ಡಿ ಇರಬೇಕೆಂದು 2026ರ ತನ್ನ ಅಂಕ ಪದ್ಧತಿಯಲ್ಲಿ ಸೇರಿಸಿಕೊಂಡಿದೆ. ಪರದೆಗಾಗಿ ಪ್ಲಾಸ್ಟಿಕ್ ಕೊಯ್ದು ನಾಲ್ಕೂ ದೀಪ ಮಿನುಗಿಸುವ ಹಜಾರ್ಡ್ ಗುಂಡಿಯನ್ನೇ ಕಿತ್ತುಹಾಕುವವರು ಇದನ್ನು ಗಮನಿಸಬೇಕು.

ಹಾಗಾದರೆ ಏನು ಮಾಡಬಹುದು?

- ಟ್ಯಾಬ್ ಬಳಸುವುದಾದರೆ ಸ್ಕ್ರೂ ಹಾಕಿ ಬಿಗಿಯುವ, ಟ್ಯಾಬನ್ನು ಸುಲಭವಾಗಿ ತೆಗೆಯಬಹುದಾದ ಗಟ್ಟಿ ಹೋಲ್ಡರ್ ಬಳಸಿ. ಕಾರಿನಿಂದ ಇಳಿದಾಗ ಟ್ಯಾಬ್ ನಿಮ್ಮ ಜೊತೆಗೇ ಬರಲಿ.
- ಏಳೆಂಟು ಇಂಚಿಗಿಂತ ದೊಡ್ಡದು ಬೇಡ. ಡ್ಯಾಶ್‌ಬೋರ್ಡ್‌ನ ಮಧ್ಯದಲ್ಲಿ, ಮುಂಗಾಜಿನ ಕೆಳ ಅಂಚಿಗಿಂತ ಕೆಳಗೆ ಇರಲಿ. 'ಏರ್‌ಬ್ಯಾಗ್' ಎಂದು ಬರೆದಿರುವ ಭಾಗದ ಮೇಲೆ, ಅದರ ಎದುರಿಗೆ ಏನೂ ಬೇಡ.
- ಕಾರಿನ ಸಾಕೆಟ್‌ಗೆ ಹಾಕುವ ಚಾರ್ಜರ್ ಸಾಕು, ವೈರು ಕತ್ತರಿಸಬೇಡಿ. ಕೀಲಿ ತೆಗೆದ ಮೇಲೂ ಸಾಕೆಟ್‌ನಲ್ಲಿ ಕರೆಂಟು ಇರುತ್ತದೆಯೇ ನೋಡಿಕೊಳ್ಳಿ.
- ಬೆನ್ನು ಉಬ್ಬಿದ, ಪರದೆ ಎದ್ದುಬಂದ ಟ್ಯಾಬನ್ನು ಕಾರಿಗೂ ತರಬೇಡಿ, ಮನೆಯಲ್ಲೂ ಚಾರ್ಜ್ ಮಾಡಬೇಡಿ. ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ.
- ಹೋಗಬೇಕಾದ ಜಾಗವನ್ನು ಹೊರಡುವ ಮುಂಚೆಯೇ ಹಾಕಿ. ಆಮೇಲೆ ಕಿವಿಗೆ ಕೆಲಸ ಕೊಡಿ. ಗೂಗಲ್ ಮ್ಯಾಪ್ಸ್ ಕನ್ನಡದಲ್ಲೇ ದಾರಿ ಹೇಳುತ್ತದೆ.
- ಶಾಶ್ವತ ಪರದೆಯೇ ಬೇಕೆಂದರೆ ಕಾರಿಗೆಂದೇ ತಯಾರಾದ, ಆಂಡ್ರಾಯ್ಡ್ ಆಟೊ ಅಥವಾ ಕಾರ್‌ಪ್ಲೇ ಇರುವ ಸ್ಟೀರಿಯೊ ಹಾಕಿಸಿ. ನಿಮ್ಮ ಫೋನಿನ ನಕ್ಷೆಯೇ ಅದರಲ್ಲಿ ಕಾಣುತ್ತದೆ.

ಹಳೆಯ ವಸ್ತುವನ್ನು ಎಸೆಯದೆ ಮತ್ತೆ ಬಳಸಬೇಕೆನ್ನುವ ಬುದ್ಧಿ ಒಳ್ಳೆಯದೇ. ಅಡುಗೆಮನೆಯಲ್ಲಿ ಹಾಡು ಕೇಳಲು, ಅಜ್ಜಿಗೆ ಮೊಮ್ಮಕ್ಕಳ ವಿಡಿಯೊ ಕರೆಗೆ ಆ ಟ್ಯಾಬ್ ಇನ್ನೂ ವರ್ಷಗಟ್ಟಲೆ ದುಡಿದೀತು. ಕಾರಿನಲ್ಲಿ ದಾರಿ ತೋರಿಸಲೂ ಅದನ್ನು ಬಳಸಿ, ಊರು ಮುಟ್ಟಿದ ಮೇಲೆ ಕೈಯಲ್ಲಿ ಹಿಡಿದು ಇಳಿಯಿರಿ. ಆ ವಿಡಿಯೊ ಮತ್ತೆ ನಿಮ್ಮ ಗುಂಪಿಗೆ ಬಂದರೆ, ಅದರ ಕೆಳಗೆ ಇಷ್ಟನ್ನಾದರೂ ಬರೆಯಿರಿ: "ಹೋಲ್ಡರ್‌ನಲ್ಲಿ ಇಡಿ, ಹೂಳಬೇಡಿ. ಏರ್‌ಬ್ಯಾಗ್ ಎದುರಿಗಂತೂ ಬೇಡವೇ ಬೇಡ."