ಮರದ ಬಳೆಯಲ್ಲಿ ಉಳಿದ ಸೂರ್ಯನ ಬಿರುಗಾಳಿ: ನಮ್ಮ ನೀರು, ಮೊಜಣಿಗೆ ಏನು ಸಂಬಂಧ?

ಸನಮಡಿ (ತಾ. ಜತ್ತ): 2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪೇರಿತ್ತು. ಕಾರಣ ಸೂರ್ಯನಿಂದ ಬಂದ ಬಿರುಗಾಳಿ. ಅದೇ ಹೊತ್ತಿಗೆ ಅಮೆರಿಕದಲ್ಲಿ ಜಿಪಿಎಸ್ ನೋಡಿಕೊಂಡು ಓಡುವ ಟ್ರ್ಯಾಕ್ಟರುಗಳು ಸಾಲು ತಪ್ಪಿದವು. ಬಿತ್ತಿಗೆಯ ಹಂಗಾಮಿನಲ್ಲೇ ಅನೇಕ ರೈತರು ಕೆಲಸ ನಿಲ್ಲಿಸಬೇಕಾಯಿತು. 2003ರ ನಂತರ ಇಷ್ಟು ದೊಡ್ಡ ಬಿರುಗಾಳಿ ಬಂದಿರಲಿಲ್ಲ. ಆದರೆ ಮರಗಳು ಇಟ್ಟಿರುವ ಲೆಕ್ಕ ನೋಡಿದರೆ ಇದು ಚಿಕ್ಕದು.

ಮರಗಳು ಲೆಕ್ಕ ಇಡುವುದು ಹೀಗೆ. ಸೂರ್ಯನಿಂದ ಭಾರಿ ವೇಗದ ಕಣಗಳು ಬಂದು ವಾತಾವರಣಕ್ಕೆ ಬಡಿದಾಗ ಅಲ್ಲಿನ ಸಾರಜನಕದ ಸ್ವಲ್ಪ ಭಾಗ ಕಾರ್ಬನ್-14 ಆಗುತ್ತದೆ. ಅದು ಗಾಳಿಯಲ್ಲಿ ಬೆರೆತು ಎಲೆಯ ಮೂಲಕ ಮರದೊಳಗೆ ಹೋಗಿ ಆ ವರ್ಷದ ಬಳೆಯಲ್ಲಿ ಕೂಡುತ್ತದೆ. 2012ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಫುಸಾ ಮಿಯಾಕೆ ಮತ್ತು ಸಂಗಡಿಗರು ಹಳೆಯ ದೇವದಾರು ಜಾತಿಯ ಮರದ ಬಳೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕ್ರಿ.ಶ. 774ರಿಂದ 775ಕ್ಕೆ ಕಾರ್ಬನ್-14 ಒಮ್ಮೆಲೇ ಶೇ. 1.2ರಷ್ಟು ಏರಿತ್ತು. ಆಗ ನಮ್ಮ ಕಡೆ ರಾಷ್ಟ್ರಕೂಟರ ಆಳಿಕೆ. 993-94ರಲ್ಲಿ ಇನ್ನೊಂದು ಏರಿಕೆ, ಆಗ ಚಾಲುಕ್ಯ ತೈಲಪನ ಕಾಲ. ಗ್ರೀನ್‌ಲ್ಯಾಂಡಿನ ಹಿಮದಲ್ಲೂ ಇವೆರಡರ ಗುರುತು ಸಿಕ್ಕಿದೆ. ಫ್ರಾನ್ಸಿನ ಆಲ್ಪ್ಸ್ ಬೆಟ್ಟದ ಹೊಳೆದಂಡೆಯಲ್ಲಿ ಹೂತಿದ್ದ ಮರಗಳು ಸುಮಾರು 14,300 ವರ್ಷಗಳ ಹಿಂದಿನ, ಇನ್ನೂ ದೊಡ್ಡದೊಂದನ್ನು ತೋರಿಸಿಕೊಟ್ಟವು. ಅದು 2023ರಲ್ಲಿ ಪ್ರಕಟವಾಯಿತು.

ನಮ್ಮ ಶಾಸನಗಳಲ್ಲಿ ಶಕವರ್ಷ, ಸಂವತ್ಸರದ ಜೊತೆಗೆ ಸೂರ್ಯಗ್ರಹಣ ಬಂದಿದ್ದರೆ ಪಂಡಿತರು ದಿನವನ್ನೇ ಹೇಳಿಬಿಡುತ್ತಾರಲ್ಲ, ಇದೂ ಅದೇ ರೀತಿಯದು. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ವೈಕಿಂಗರು ಕಡಿದ ಕಟ್ಟಿಗೆಯಲ್ಲಿ 993ರ ಬಳೆ ಹುಡುಕಿ, ಅಲ್ಲಿಂದ ತೊಗಟೆಯವರೆಗೆ 28 ಬಳೆ ಎಣಿಸಿದರು. ಕಡಿದದ್ದು 1021ರಲ್ಲಿ ಎಂದು ಖಚಿತವಾಯಿತು. ನಮ್ಮ ಬೇವು, ಜಾಲಿಗಳಿಂದ ಈ ಕೆಲಸ ಆಗುವುದು ಕಷ್ಟ, ಅವುಗಳ ಬಳೆ ಸ್ಪಷ್ಟ ಇರುವುದಿಲ್ಲ. ಸಾಗುವಾನಿಯಲ್ಲಿ ಇರುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಸಾಗುವಾನಿಯ ಬಳೆ ನೋಡಿ ಹಳೆಯ ಮಳೆಯ ಲೆಕ್ಕ ತೆಗೆದಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಮರ ಹೇಳುವುದು ಕಣಗಳ ಮಳೆಯ ಕಥೆ. ಕರೆಂಟಿಗೆ ಪೆಟ್ಟು ಕೊಡುವುದು ಭೂಮಿಯ ಅಯಸ್ಕಾಂತವನ್ನು ಅಲುಗಿಸುವ ಬಿರುಗಾಳಿ. ಎರಡೂ ಯಾವಾಗಲೂ ಒಟ್ಟಿಗೆ ದೊಡ್ಡದಾಗಿ ಬರಬೇಕೆಂದಿಲ್ಲ. 1859ರ ಸೆಪ್ಟೆಂಬರಿನಲ್ಲಿ ಟೆಲಿಗ್ರಾಫ್ ತಂತಿಗಳನ್ನೇ ಕೆಡಿಸಿದ ಬಿರುಗಾಳಿ ಮರಗಳಲ್ಲಿ ಸ್ಪಷ್ಟ ಗುರುತು ಬಿಟ್ಟಿಲ್ಲ. ಅದರ ದಾಖಲೆ ಇರುವುದು ನಮ್ಮ ರಾಜ್ಯದಲ್ಲೇ. ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಉಪಕರಣ ಆ ದಿನ ಸುಮಾರು 1600 ನ್ಯಾನೊಟೆಸ್ಲಾ ಕುಸಿತ ಬರೆದುಕೊಂಡಿತ್ತು. 1872ರ ಫೆಬ್ರುವರಿಯಲ್ಲಿ ಮುಂಬಯಿಯ ಆಕಾಶದಲ್ಲೇ ಧ್ರುವಪ್ರಭೆ ಕಂಡ ವರದಿಯಿದೆ. ಆದ್ದರಿಂದ ಇದೆಲ್ಲ ಉತ್ತರ ಧ್ರುವದವರ ಚಿಂತೆ ಎಂದು ಕೈತೊಳೆದುಕೊಳ್ಳುವಂತಿಲ್ಲ.

ಹಾಗೆಂದು ಗಾಬರಿಯೂ ಬೇಡ. 1989ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ 60 ಲಕ್ಷ ಜನ ಸುಮಾರು ಒಂಬತ್ತು ತಾಸು ಕತ್ತಲೆಯಲ್ಲಿದ್ದರು. ಭೂಮಧ್ಯರೇಖೆಗೆ ಹತ್ತಿರವಿರುವ ನಮಗೆ ಆ ಅಪಾಯ ಕಡಿಮೆ. ಆದರೆ ಕೃಷ್ಣೆಯ ನೀರನ್ನು ಜತ್ತ ಭಾಗಕ್ಕೆ ಏರಿಸುವ ಮ್ಹೈಸಾಳ ಯೋಜನೆಯ ಪಂಪುಗಳು ಕರೆಂಟಿನ ಮೇಲೆಯೇ ನಿಂತಿವೆ, ದೂರದ ಗ್ರಿಡ್ ಕೆಟ್ಟರೂ ಅವು ನಿಲ್ಲುತ್ತವೆ. ಹೊಲದ ಮೊಜಣಿ ಈಗ ಉಪಗ್ರಹದ ಸಂಕೇತ ಹಿಡಿಯುವ ರೋವರಿನಿಂದ ಆಗುತ್ತಿದೆ. 775ರಂಥದು ಇಂದು ಬಂದರೆ ಮೊದಲು ಹೊಡೆತ ತಿನ್ನುವುದು ಉಪಗ್ರಹಗಳೇ.

ಮುನ್ಸೂಚನೆಗೆ ನಮ್ಮದೇ ಆದಿತ್ಯ-ಎಲ್1 ನೌಕೆ 2024ರ ಜನವರಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಸೂರ್ಯನನ್ನು ನೋಡುತ್ತಿದೆ. ಅದರ ಮುಖ್ಯ ದೂರದರ್ಶಕ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು. ಅಯಸ್ಕಾಂತದ ಬಿರುಗಾಳಿ ಬರಲು ಒಂದರಿಂದ ಮೂರು ದಿನ ಹಿಡಿಯುತ್ತದೆ, ಗ್ರಿಡ್ ಸಂಭಾಳಿಸಲು ಅಷ್ಟು ಸಾಕು. ಕಣಗಳು ಮಾತ್ರ ಅರ್ಧ ತಾಸಿನೊಳಗೇ ಬಂದುಬಿಡಬಹುದು. ಉಪಗ್ರಹ ಉಳಿಸಿಕೊಳ್ಳಲು ಅಷ್ಟು ಹೊತ್ತು ಸಾಲದು. ಅಂದಮೇಲೆ ರೋವರ್ ಬಂತೆಂದು ಬಾಂದಗಲ್ಲು ಕೀಳುವವರು, ಹಳೆಯ ಗಟ ನಕಾಶೆಯನ್ನು ಮೂಲೆಗೆ ಎಸೆಯುವವರು ಸ್ವಲ್ಪ ತಡೆಯುವುದು ಒಳ್ಳೆಯದು.