ನಾಲ್ಕು ಬಾಗಿಲಿನ ಊರು

ಜರ್ಮನಿಯ ವುರ್ಟೆಂಬೆರ್ಗ್ ಪ್ರಾಂತದ ಹಳೆಯ ಪಟ್ಟಣಗಳನ್ನು ನೋಡಿ ಬಂದವರ ಬಣ್ಣನೆಯನ್ನು ನಾವು ಬಾಯಿಬಿಟ್ಟು ಕೇಳುವುದುಂಟು. ಆದರೆ ಉಡುಪಿಯಿಂದ ಕುಕ್ಕುಂದೂರಿನ ಮಾರ್ಗವಾಗಿ ಕಾರ್ಕಳಕ್ಕೆ ಬಂದವರು ಮಾಡುವುದೇನು? ಗೊಮ್ಮಟನಿಗೊಂದು ನಮಸ್ಕಾರ, ಒಡನೆಯೇ ಮುಂದಿನ ಬಸ್ಸು!

1432ರಲ್ಲಿ ವೀರಪಾಂಡ್ಯ ಭೈರರಸನು ಪ್ರತಿಷ್ಠಾಪಿಸಿದ ಆ ಏಕಶಿಲಾಮೂರ್ತಿಯ ಎತ್ತರ ಸುಮಾರು 42 ಅಡಿ. ಎದುರಿನ ಕಿರುಗುಡ್ಡದ ಮೇಲಿದೆ, ಇಮ್ಮಡಿ ಭೈರರಸನು 1586ರಲ್ಲಿ ಕಟ್ಟಿಸಿದ ಚತುರ್ಮುಖ ಬಸದಿ. ಬಸ್ಸಿನ ಅವಸರದಲ್ಲಿ ನಾನೂ ಹಲವು ಸಲ ಅದನ್ನು ಹತ್ತದೆಯೇ ಮರಳಿದವನು.

ಈ ಸಲ ಮೊಮ್ಮಗನು ಬಿಡಲಿಲ್ಲ. ಬಸದಿಯನ್ನು ಒಂದು ಸುತ್ತು ಹಾಕಿ, “ಅಜ್ಜಾ, ಇದರ ಹಿಂಬಾಗಿಲು ಎಲ್ಲಿ?” ಎಂದ. ಹಿಂಬಾಗಿಲಿರುವುದೆಲ್ಲಿಂದ? ನಾಲ್ಕೂ ದಿಕ್ಕಿಗೆ ಒಂದೇ ಬಗೆಯ ಬಾಗಿಲು. ಯಾವುದರಲ್ಲಿ ನಿಂತರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ದರ್ಶನ. ಆಮೇಲೆ ಹಿರಿಯಂಗಡಿಯ ಮಾನಸ್ತಂಭವನ್ನೂ ಕಂಡೆವು. ಬಸ್ಸು ತಪ್ಪಿತು, ವ್ಯಸನವಾಗಲಿಲ್ಲ.

ಅದೇ ವುರ್ಟೆಂಬೆರ್ಗಿನಲ್ಲಿ ಹುಟ್ಟಿದ ಹೆರ್ಮನ್ ಮೋಗ್ಲಿಂಗರು ಮಂಗಳೂರಿಗೆ ಬಂದು, ಕನ್ನಡ ಕಲಿತು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಕಡಲಾಚೆಯವರು ನಮ್ಮ ನಾಡಿಗಾಗಿ ಆಯುಷ್ಯದ ವರ್ಷಗಳನ್ನೇ ಕೊಟ್ಟರು. ನಾವು ಒಂದು ಹಗಲನ್ನಾದರೂ ಕೊಡಬಾರದೆ?