'ಬಾಡಿಗೆ' ಅಂತ ಬರೀರಿ, ಸಾಕು

ಮೊನ್ನೆ ಭಾನುವಾರ ಅಮ್ಮನ ಕಾಟ ತಡೆಯಲಾರದೆ ಅಟ್ಟ ಹತ್ತಿದ್ದೆ. ಹಳೇ ಸ್ಕೂಲ್ ಬ್ಯಾಗಿನ ಒಳಗೆ ಒಂದು ಸಿಡಿ ಸಿಕ್ತು. ಮೇಲೆ ಮಾರ್ಕರ್ ಪೆನ್ನಲ್ಲಿ 'ವೈಸ್ ಸಿಟಿ' ಅಂತ ಸೊಟ್ಟಗೆ ಬರೆದಿತ್ತು. ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನ ಮಾಲು, ಅಂದರೆ ಅಪ್ಪಟ ಕಳ್ಳ ಮಾಲು. ಅದು ಮಾರುವವನಿಗೂ ಗೊತ್ತಿತ್ತು, ಕೊಳ್ಳುವ ನಮಗೂ ಗೊತ್ತಿತ್ತು. ಗೆಳೆಯನ ಹತ್ತಿರ ಡಿವಿಡಿ ಡ್ರೈವ್ ಇಸ್ಕೊಂಡು, ಮೂಲೆಗೆ ಬಿದ್ದಿದ್ದ ಹಳೇ ಲ್ಯಾಪ್‌ಟಾಪಿಗೆ ಹಾಕಿದೆ. ಓಡ್ತು ಮಾರಾಯ್ರೇ!

ಅದೇ ರಾತ್ರಿ ಅಪ್ಪನ ಜೊತೆ ಕೂತು ಒಂದು ಹಳೇ ಕನ್ನಡ ಸಿನಿಮಾ ನೋಡೋಣ ಅಂತ ಆ್ಯಪ್ ತೆರೆದೆ. ನಾಲ್ಕು ವರ್ಷದ ಹಿಂದೆ ನಾನೇ ದುಡ್ಡು ಕೊಟ್ಟು ಕೊಂಡಿದ್ದ ಸಿನಿಮಾ ಅದು. 'ಬಾಡಿಗೆ' ಬಟನ್ ಬಿಟ್ಟು, ಜಾಸ್ತಿ ದುಡ್ಡಿನ 'ಖರೀದಿಸಿ' ಬಟನ್ ಒತ್ತಿ ಕೊಂಡಿದ್ದೆ. ಈಗ ನೋಡಿದರೆ ಇಲ್ಲ. ಕಸ್ಟಮರ್ ಕೇರಿಗೆ ಬರೆದರೆ, ಹಕ್ಕಿನ ಅವಧಿ ಮುಗಿದಿದೆ, ನಿಯಮಗಳನ್ನು ಓದಿಕೊಳ್ಳಿ ಅಂತ ಉತ್ತರ ಬಂತು. ಅಪ್ಪ ಒಂದೇ ಮಾತು ಕೇಳಿದರು: "ದುಡ್ಡು ಕೊಟ್ಟಿದ್ದೆ ತಾನೇ?"

ಕದ್ದ ಮಾಲು ಇಪ್ಪತ್ತು ವರ್ಷ ಬಾಳಿತು, ಕೊಂಡ ಮಾಲು ನಾಲ್ಕೇ ವರ್ಷಕ್ಕೆ ಮಾಯವಾಯಿತು. ಇದರ ಅರ್ಥ ಕದಿಯಿರಿ ಅಂತ ಅಲ್ಲ. ನಾನೂ ಕೋಡ್ ಬರೆದು ಸಂಬಳ ತಗೊಳ್ಳುವವನು, ಒಂದು ಗೇಮಿನ ಹಿಂದೆ ಎಷ್ಟು ಜನರ ನಿದ್ದೆ ಕೆಟ್ಟಿರುತ್ತೆ ಅಂತ ಗೊತ್ತು. ಸಂಬಳ ಶುರುವಾದ ಮೇಲೆ ನಮ್ಮ ತಲೆಮಾರಿನ ಎಷ್ಟೋ ಮಂದಿ ಪೈರಸಿ ಬಿಟ್ಟು, ಸ್ಟೀಮ್ ಸೇಲಿಗೆ ಕಾದು ಗೇಮ್ ಕೊಳ್ಳುವುದನ್ನು ಕಲಿತೆವು. ನಾವು ಪ್ರಾಮಾಣಿಕರಾದೆವು. ಅಂಗಡಿಯವರೂ ಆಗಬೇಕಲ್ವಾ?

ಇದು ನನ್ನೊಬ್ಬನ ಗೋಳಲ್ಲ. ಯೂಬಿಸಾಫ್ಟ್‌ನ 'ದ ಕ್ರೂ' ಅನ್ನೋ ಕಾರ್ ರೇಸಿಂಗ್ ಗೇಮ್ 2014ರಲ್ಲಿ ಬಂತು. ಒಬ್ಬರೇ ಆಡಬೇಕೆಂದರೂ ಕಂಪನಿಯ ಸರ್ವರ್ ಬೇಕೇ ಬೇಕು. 2024ರ ಮಾರ್ಚ್ 31ಕ್ಕೆ ಆ ಸರ್ವರ್ ಆಫ್ ಮಾಡಿದರು. ಪೂರ್ತಿ ದುಡ್ಡು ಕೊಟ್ಟು ಡಿಸ್ಕ್ ತಂದಿಟ್ಟುಕೊಂಡವರ ಕೈಯಲ್ಲೂ ಉಳಿದಿದ್ದು ಕಾಫಿ ಲೋಟ ಇಡೋಕೆ ಆಗುವ ಒಂದು ತಟ್ಟೆ. 'ಜಿಟಿಎ 4' ಕಥೆ ಇನ್ನೊಂದು ಥರ. 2008ರ ಆ ಗೇಮಿನ ರೇಡಿಯೊದಲ್ಲಿದ್ದ ಎಷ್ಟೋ ಹಾಡುಗಳನ್ನು, ಸಂಗೀತದ ಲೈಸೆನ್ಸ್ ಮುಗಿಯಿತು ಅಂತ 2018ರಲ್ಲಿ ಅಪ್‌ಡೇಟ್ ಕಳಿಸಿ ಕಿತ್ತುಹಾಕಿದರು. ಮಾರಿದ ಮೇಲೂ ಮಾಲಿನ ಮೇಲೆ ಕೈಯಾಡಿಸುವ ಅಂಗಡಿ ಬೇರೆಲ್ಲಾದರೂ ಕಂಡಿದ್ದೀರಾ? ಚಿಕ್ಕಪೇಟೆಯಲ್ಲಿ ಸೀರೆ ತಗೊಂಡು ಬಂದ ಹತ್ತು ವರ್ಷಕ್ಕೆ ಅಂಗಡಿಯವನು ಮನೆಗೆ ಬಂದು ಸೆರಗು ಕತ್ತರಿಸಿಕೊಂಡು ಹೋದರೆ ಸುಮ್ಮನಿರ್ತೀವಾ?

"ಸರ್ವರಿಗೆ ಖರ್ಚಾಗುತ್ತೆ ಗುರೂ, ಕಂಪನಿ ಎಷ್ಟು ದಿನ ಅಂತ ನಡೆಸಬೇಕು?" ಅಂತ ನನ್ನ ಟೀಮಿನ ಹುಡುಗನೇ ಕೇಳಿದ. ನ್ಯಾಯವಾದ ಪ್ರಶ್ನೆ. ಆದರೆ ಸರ್ವರನ್ನು ಶಾಶ್ವತವಾಗಿ ನಡೆಸಿ ಅಂತ ಯಾರೂ ಕೇಳ್ತಿಲ್ಲ. ರಾಸ್ ಸ್ಕಾಟ್ ಅನ್ನೋ ಯೂಟ್ಯೂಬರ್ 2024ರಲ್ಲಿ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಅಂತ ಅಭಿಯಾನ ಶುರು ಮಾಡಿದ. ಅವರ ಬೇಡಿಕೆ ಇಷ್ಟೇ: ಅಂಗಡಿ ಮುಚ್ಚಿ ಹೋಗುವಾಗ, ಕೊಂಡವರು ತಮ್ಮ ಪಾಡಿಗೆ ಆಡಿಕೊಳ್ಳುವ ಹಾಗೆ ಮಾಡಿ ಹೋಗಿ. ಯುರೋಪಿನಲ್ಲಿ ಇದಕ್ಕೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. 'ದ ಕ್ರೂ' ಮುಚ್ಚಿದ ಗಲಾಟೆ ಆದ ಮೇಲೆ ಯೂಬಿಸಾಫ್ಟ್ ಕೂಡ 'ದ ಕ್ರೂ 2'ಕ್ಕೆ ಆಫ್‌ಲೈನ್ ಮೋಡ್ ಕೊಡ್ತೀವಿ ಅಂತ ಹೇಳಿತು. ಅಂದರೆ ಆಗಲ್ಲ ಅನ್ನೋದು ಸುಳ್ಳು. ಮನಸ್ಸಿದ್ದರೆ ಮಾರ್ಗ.

ದುಡ್ಡು ವಾಪಸ್ ಕೊಡೋಕೂ ಆಗುತ್ತೆ. ಗೂಗಲ್ 2023ರ ಜನವರಿಯಲ್ಲಿ ತನ್ನ ಸ್ಟೇಡಿಯಾ ಸೇವೆ ಮುಚ್ಚಿದಾಗ, ಆ ಸ್ಟೋರಿನಲ್ಲಿ ಕೊಂಡ ಗೇಮುಗಳ ದುಡ್ಡನ್ನು ಹಿಂದಿರುಗಿಸಿತು. ಇನ್ನು 'ಗಾಗ್' ಅನ್ನೋ ಅಂಗಡಿಯಲ್ಲಿ ಗೇಮ್ ಕೊಂಡರೆ ಇನ್‌ಸ್ಟಾಲರ್ ಫೈಲನ್ನೇ ಇಳಿಸಿಕೊಂಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಬಹುದು. ನಾಳೆ ಆ ಅಂಗಡಿ ಮುಚ್ಚಿದರೂ ಗೇಮ್ ನಿಮ್ಮದೇ.

ಇದ್ಯಾವುದೂ ಮಾಡಲ್ಲ ಅನ್ನೋರು ಕೊನೇಪಕ್ಷ ಬಟನ್ ಮೇಲಾದರೂ ನಿಜ ಬರೆಯಲಿ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಇದಕ್ಕೊಂದು ಕಾನೂನು ಇದೆ. ಕೊಡ್ತಿರೋದು ವಾಪಸ್ ಕಿತ್ತುಕೊಳ್ಳಬಹುದಾದ ಬರೀ ಲೈಸೆನ್ಸ್ ಆಗಿದ್ದರೆ, 'ಬೈ' ಅಂತ ಬರೆಯುವ ಜಾಗದಲ್ಲೇ ಅದನ್ನು ಎದ್ದುಕಾಣುವ ಹಾಗೆ ಹೇಳಬೇಕು. ನಮ್ಮಲ್ಲೂ ದಾರಿ ಇದೆ. ಗ್ರಾಹಕರನ್ನು ಯಾಮಾರಿಸುವ ಆನ್‌ಲೈನ್ ಕಣ್ಕಟ್ಟುಗಳಿಗೆ 'ಡಾರ್ಕ್ ಪ್ಯಾಟರ್ನ್' ಅಂತ ಹೆಸರಿಟ್ಟು, ಅಂಥ 13 ತಂತ್ರಗಳನ್ನು ಪಟ್ಟಿ ಮಾಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲೇ ನಿಷೇಧಿಸಿದೆ. ಬಾಡಿಗೆ ಮಾಲಿಗೆ 'ಖರೀದಿ' ಅಂತ ಬೋರ್ಡ್ ಹಾಕೋದನ್ನೂ ಹದಿನಾಲ್ಕನೆಯದಾಗಿ ಸೇರಿಸಲಿ.

ಬಾಡಿಗೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಈ ಊರಲ್ಲಿ ನಮ್ಮಲ್ಲಿ ಎಷ್ಟೋ ಜನ ಬಾಡಿಗೆ ಮನೆಯಲ್ಲೇ ಇದ್ದೀವಿ. ಆದರೆ ಓನರ್ ಅಗ್ರಿಮೆಂಟಿನಲ್ಲಿ ಹನ್ನೊಂದು ತಿಂಗಳು ಅಂತ ಸ್ಪಷ್ಟವಾಗಿ ಬರೆದಿರ್ತಾನೆ. ಮನೆ ಮಾರ್ತಾ ಇದ್ದೀನಿ ಅಂತ ಪೂರ್ತಿ ದುಡ್ಡು ಇಸ್ಕೊಂಡು, ಆಮೇಲೆ ಸಾಮಾನು ಹೊರಗೆ ಹಾಕಿದರೆ ಅವನ ಮೇಲೆ ಕೇಸ್ ಹಾಕ್ತೀವಿ. ಗೇಮಿಗೆ, ಸಿನಿಮಾಗೆ ಬಂದಾಗ ಮಾತ್ರ 'ಐ ಅಗ್ರೀ' ಒತ್ತಿ ಸುಮ್ಮನಾಗ್ತೀವಿ.

ನಾನು ನ್ಯಾಷನಲ್ ಕನ್ಸ್ಯೂಮರ್ ಹೆಲ್ಪ್‌ಲೈನ್ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೀನಿ. ಹೋಗಿರೋದು ಕೆಲವೇ ನೂರು ರೂಪಾಯಿ. ಆದರೂ ಅಪ್ಪ ಕೇಳಿದ ಪ್ರಶ್ನೆಗೆ ಯಾರಾದರೂ ಒಬ್ಬರು ಉತ್ತರ ಕೊಡಲಿ.